ಎಷ್ಟನೇ ಕೈ, ಎಷ್ಟು ಕಿಲೋಮೀಟರ್: ಶಿರಸಿಯ ಒಂದು ಮನೆಯವರು ಹಳೆ ಕಾರು ಕೊಂಡ ಪ್ರಕರಣ

ಅಕ್ಕನ ಮನೆಗೆ ಕಾರು ಬೇಕಾಗಿತ್ತು. 2023ರ ಅಕ್ಟೋಬರ್ ಕೊನೆ. ಮಳೆ ಹಿಂದೆ ಸರಿದು, ಅಡಿಕೆ ಕೊಯ್ಲಿನ ಮಾತು ಶುರುವಾಗುವ ಹೊತ್ತು. ಮನೆ ಇರುವುದು ಶಿರಸಿಯಿಂದ ಹದಿನೈದು ಕಿಲೋಮೀಟರ್ ಒಳಗೆ. ಕೊನೆಯ ಎರಡು ಕಿಲೋಮೀಟರ್ ಮಣ್ಣು ರಸ್ತೆ, ನಡುವೆ ಹಳ್ಳದ ಮೋರಿ. ಭಾವನ ಹಳೆ ವ್ಯಾನಿಗೆ ಹದಿನೇಳು ವರ್ಷ ಆಗಿತ್ತು. ಅಕ್ಕನ ಮಾವನವರಿಗೆ ಎಂಬತ್ತೊಂದು. ಅವರಿಗೆ ಮೊಣಕಾಲು ಮಡಚಲು ಆಗುವುದಿಲ್ಲ. ಎರಡು ತಿಂಗಳಿಗೊಮ್ಮೆ ಮಣಿಪಾಲಕ್ಕೆ ತೋರಿಸಲು ಕರೆದುಕೊಂಡು ಹೋಗಬೇಕು. ಸೀಟು ಎತ್ತರ ಇರಬೇಕು, ದಾರಿಯಲ್ಲಿ ಕೈಕೊಡಬಾರದು, ಮೂರು ಲಕ್ಷದ ಆಸುಪಾಸಿನಲ್ಲಿ ಮುಗಿಯಬೇಕು. ಅಕ್ಕ ಹೇಳಿದ್ದು ಇಷ್ಟೇ.

ನಾನು ಕುಮಟಾದಲ್ಲಿ ವಾಹನ ವಿಮೆಯ ಸರ್ವೇಯರ್. ಗುದ್ದಿದ ಗಾಡಿ, ನೀರು ಹೊಕ್ಕ ಗಾಡಿ, ಮರ ಬಿದ್ದ ಗಾಡಿ ನೋಡಿ ನಷ್ಟದ ಲೆಕ್ಕ ಬರೆಯುವುದು ನನ್ನ ಕೆಲಸ. ಹಾಗಾಗಿ ನೆಂಟರಲ್ಲಿ ಯಾರು ಗಾಡಿ ತಗೊಂಡರೂ ಮೊದಲು ಫೋನು ಬರುವುದು ನನಗೆ. ಈ ಸಲ ನಡೆದದ್ದನ್ನು ಪೂರ್ತಿ ಬರೆದಿಡುತ್ತಿದ್ದೇನೆ. ಹಳೆ ಕಾರು ಅಂದ ಕೂಡಲೇ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ: ಎಷ್ಟನೇ ಓನರ್? ಎಷ್ಟು ಓಡಿದೆ? ಇಲ್ಲಿ ಎರಡೂ ಪ್ರಶ್ನೆಗೆ ಒಂದೇ ಕಾರು ಗೆದ್ದಿತ್ತು. ಆದರೂ ನಾವು ಕೊಂಡದ್ದು ಇನ್ನೊಂದನ್ನು.

ಎರಡು ಕಾರು

ಎರಡೂ ಒಂದೇ ಕಂಪನಿಯವು, ಒಂದೇ ಮಾದರಿ. ಎತ್ತರದ ಸೀಟು, ಒಂದು ಲೀಟರಿನ ಪೆಟ್ರೋಲ್ ಎಂಜಿನ್. ಹಾಗಾಗಿ ಹೋಲಿಸುವುದು ಸುಲಭವಾಗಿತ್ತು.

ಮೊದಲನೆಯದು ಕಾರವಾರದ ಕೋಡಿಬಾಗದ್ದು. ಕೆಎ-30 ನಂಬರು, 2014ರ ಅಕ್ಟೋಬರ್ ಗಾಡಿ. ಒಬ್ಬರೇ ಓನರು, ನಿವೃತ್ತರು. ಮೀಟರಿನಲ್ಲಿ 28,600 ಕಿಮೀ. ಹೇಳಿದ ಬೆಲೆ 3.25 ಲಕ್ಷ.

ಎರಡನೆಯದು ಯಲ್ಲಾಪುರದಲ್ಲಿತ್ತು. ನಂಬರು ಕೆಎ-25, ಅಂದರೆ ಧಾರವಾಡದ ಕಡೆಯದು. 2017ರ ಮಾರ್ಚ್ ಗಾಡಿ. ಮೂರು ಜನರ ಕೈ ದಾಟಿದೆ, ನಾವು ಕೊಂಡರೆ ನಾಲ್ಕನೆಯವರು. ಮೀಟರಿನಲ್ಲಿ 84,200. ಬೆಲೆ 2.90 ಲಕ್ಷ.

ಭಾವ ಫೋನಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದ. "ಎಮ್ಮೆ ತಗಳುವಾಗ ಎಂತ ಕೇಳ್ತೇವೆ? ಎಷ್ಟನೇ ಸೂಲು, ಎಷ್ಟು ಕೊಟ್ಟಿಗೆ ಕಂಡಿದೆ, ಅಲ್ದಾ? ಮೂರು ಕೊಟ್ಟಿಗೆ ಬದಲಾಯಿಸಿದ ಎಮ್ಮೆ ಅಂದ್ರೆ ಒದೆಯೋದೇ ಇರ್ಬೇಕು ಮಾರಾಯ. ಕಾರವಾರದ್ದೇ ನೋಡಿ ಮುಗಿಸ್ವ."

ಅವನ ಮಾತಿನಲ್ಲಿ ಹುರುಳಿದೆ. ಗಾಡಿ ಕೈ ಬದಲಾಯಿಸುವುದಕ್ಕೆ ಎಷ್ಟೋ ಸಲ ಕಾರಣ ಗಾಡಿಯೇ. ಕೊಂಡವನಿಗೆ ಆರು ತಿಂಗಳಲ್ಲಿ ಒಳಗಿನ ರೋಗ ಗೊತ್ತಾಗುತ್ತದೆ, ಮೇಲೆ ಪಾಲಿಶ್ ಹೊಡೆಸಿ ಇನ್ನೊಬ್ಬನಿಗೆ ದಾಟಿಸುತ್ತಾನೆ. ಅದಕ್ಕೇ ನಾನು ಓನರುಗಳ ಲೆಕ್ಕಕ್ಕಿಂತ ಒಬ್ಬೊಬ್ಬರೂ ಎಷ್ಟು ಕಾಲ ಇಟ್ಟುಕೊಂಡಿದ್ದರು ಅಂತ ಮೊದಲು ನೋಡುತ್ತೇನೆ. ಎರಡು ವರ್ಷದಲ್ಲಿ ಮೂರು ಕೈ ಅಂದರೆ ನಾನು ಆ ಗಾಡಿ ನೋಡಲಿಕ್ಕೂ ಹೋಗುವುದಿಲ್ಲ. ಆರೂವರೆ ವರ್ಷದಲ್ಲಿ ಮೂರು ಕೈ ಅಂದರೆ ಪ್ರಶ್ನೆ ಕೇಳುತ್ತೇನೆ.

ಭಾವನಿಗೆ ಹೇಳಿದೆ: "ಎರಡನ್ನೂ ನೋಡ್ವ. ಎಮ್ಮೆ ಯಾಕೆ ಕೊಟ್ಟಿಗೆ ಬದಲಾಯಿಸ್ತು ಅಂತ ಕೇಳದೇ ಬಿಡೋದು ಬೇಡ."

ಕೋಡಿಬಾಗದ ಬೆಳಗು

ಕಾಳಿ ನದಿ ಸಮುದ್ರ ಸೇರುವ ಜಾಗದ ಹತ್ತಿರ ಆ ಮನೆ. ಅಂಗಳದಲ್ಲಿ ನಿಂತರೆ ಉಪ್ಪು ಗಾಳಿ ಮುಖಕ್ಕೆ ಬಡಿಯುತ್ತದೆ. ಕಾರನ್ನು ತಗಡಿನ ಮಾಡಿನ ಕೆಳಗೆ, ಬಟ್ಟೆಯ ಕವರ್ ಹೊದಿಸಿ ನಿಲ್ಲಿಸಿದ್ದರು. ಕವರ್ ತೆಗೆದಾಗ ಭಾವನ ಮುಖ ಅರಳಿತು. ಬಣ್ಣ ಹೊಸದರಂತೆ ಹೊಳೆಯುತ್ತಿತ್ತು. ಒಳಗೆ ಸೀಟಿನ ಮೇಲೆ ಒಂದು ಕಲೆ ಇಲ್ಲ. ಬ್ರೇಕ್ ಪೆಡಲಿನ ರಬ್ಬರಿನ ಗೀರುಗಳು ಹಾಗೇ ಇದ್ದವು, ಸ್ಟೇರಿಂಗ್ ಎಲ್ಲೂ ನುಣುಪಾಗಿರಲಿಲ್ಲ. ಮೀಟರ್ ಸತ್ಯ ಹೇಳುತ್ತಿದೆ ಅನ್ನುವುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ.

ಮನೆಯವರು ತುಂಬಾ ಒಳ್ಳೆಯವರು. ಚಹಾ ಕೊಟ್ಟರು, ಎಲ್ಲಾ ಕಾಗದ ತೋರಿಸಿದರು, ಏನು ಕೇಳಿದರೂ ಮುಚ್ಚಿಡದೆ ಹೇಳಿದರು. ಕಾರು ಎಲ್ಲಿಗೆ ಹೋಗುತ್ತಿತ್ತು? ಪೇಟೆಗೆ, ದೇವಸ್ಥಾನಕ್ಕೆ, ಬ್ಯಾಂಕಿಗೆ. ಒಂದು ಸಲಕ್ಕೆ ಎರಡು ಮೂರು ಕಿಲೋಮೀಟರ್. ವರ್ಷಕ್ಕೊಮ್ಮೆ ಗೋವಾ. ಸರ್ವಿಸ್? "ಹತ್ತು ಸಾವಿರ ಕಿಲೋಮೀಟರಿಗೆ ಅಲ್ವಾ ಮಾಡಿಸಬೇಕಾದ್ದು? ನಮ್ಮದು ಅಷ್ಟು ಓಡಲೇ ಇಲ್ಲ. ಮೂರು ವರ್ಷಕ್ಕೊಮ್ಮೆ ಮಾಡಿಸಿದ್ದೇನೆ" ಅಂದರು.

ನನಗೆ ಮೊದಲ ಸಲ ಎದೆ ಚುರುಕ್ ಅಂದದ್ದು ಅಲ್ಲಿ. ಪುಸ್ತಕದಲ್ಲಿ ಬರೆದಿರುವುದು ಹತ್ತು ಸಾವಿರ ಕಿಮೀ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಈ ಎರಡನೇ ಅರ್ಧವನ್ನು ಕಡಿಮೆ ಓಡಿಸುವವರು ಓದುವುದೇ ಇಲ್ಲ. ಒಂಬತ್ತು ವರ್ಷದಲ್ಲಿ ಆ ಎಂಜಿನ್ ಹೊಸ ಆಯಿಲ್ ಕಂಡದ್ದು ಬೆರಳೆಣಿಕೆಯಷ್ಟು ಸಲ. ಬ್ರೇಕ್ ಆಯಿಲ್ ಬದಲಿಸಿದ ದಾಖಲೆ ಒಂದೂ ಇರಲಿಲ್ಲ.

ಬಾನೆಟ್ ಎತ್ತಿ ಎಂಜಿನ್ ಆಯಿಲ್ ಹಾಕುವ ಮುಚ್ಚಳ ತಿರುಗಿಸಿದೆ. ಮುಚ್ಚಳದ ಒಳಗೆ, ಮಜ್ಜಿಗೆ ಕಡೆದಾಗ ಕಡೆಗೋಲಿಗೆ ಮೆತ್ತುವಂಥ ಬಿಳಿ ಬೆಣ್ಣೆ. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಆ ನೀರು ಆರಿ ಹೋಗುತ್ತದೆ. ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಕಾಯುವುದೇ ಇಲ್ಲ, ನೀರು ಆಯಿಲಿನಲ್ಲೇ ಬೆರೆತು ಕೂರುತ್ತದೆ. ಎಂಜಿನ್ನಿನೊಳಗೆ ಆಯಿಲ್ ಮತ್ತು ತಣಿಸುವ ನೀರು ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋದರೂ ಹೀಗೇ ಬಿಳಿ ಕಾಣುತ್ತದೆ, ಹಾಗಾಗಿ ಆ ತಣಿಸುವ ನೀರು, ಅಂದರೆ ಕೂಲಂಟ್ ನೋಡಿದೆ. ಮಟ್ಟ ಸರಿ ಇತ್ತು, ಅದರಲ್ಲಿ ಎಣ್ಣೆಯ ಜಿಡ್ಡಿಲ್ಲ, ಗುಳ್ಳೆಯೂ ಇಲ್ಲ. ಅಂದರೆ ಗ್ಯಾಸ್ಕೆಟ್ ಅಲ್ಲ, ಬರೀ ಹತ್ತಿರದ ಓಡಾಟದ ಫಲ. ಇದನ್ನು ಸರಿ ಮಾಡಬಹುದು. ಆಯಿಲ್ ಬದಲಿಸಿ ಎರಡು ಸಲ ದೂರ ಓಡಿಸಿದರೆ ಬಹುಮಟ್ಟಿಗೆ ಹೋಗುತ್ತದೆ.

ಟೈರ್ ನೋಡಿದೆ. ಮೇಲಿನ ಗೀರುಗಳು ಆಳವಾಗಿದ್ದವು. "ಟೈರ್ ಹೊಸದೇ ಉಂಟಲ್ಲ" ಅಂದ ಭಾವ. ಪಕ್ಕದ ಗೋಡೆಯ ಮೇಲೆ ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ. ಬಗ್ಗಿ ತೋರಿಸಿದೆ: 3714. 2014ರ 37ನೇ ವಾರ. ಗಾಡಿಯ ಜೊತೆಗೆ ಬಂದ ಟೈರುಗಳೇ, ಒಂಬತ್ತು ವರ್ಷದವು. ಬೆರಳಿನಿಂದ ಒತ್ತಿದರೆ ಗೋಡೆಯ ರಬ್ಬರಿನಲ್ಲಿ ಕೂದಲೆಳೆಯಂಥ ಬಿರುಕು ಬಾಯಿ ತೆರೆಯುತ್ತಿತ್ತು. ಸವೆಯದಿದ್ದರೂ ರಬ್ಬರ್ ಒಣಗಿತ್ತು. ಇಂಥ ಟೈರಿನಲ್ಲಿ ಎಂಬತ್ತೊಂದು ವರ್ಷದವರನ್ನು ಕೂರಿಸಿಕೊಂಡು ದೇವಿಮನೆ ಘಟ್ಟ ಇಳಿಯಲು ನಾನು ಬಿಡುವುದಿಲ್ಲ.

ಇಷ್ಟಾದರೂ ನನ್ನ ಮನಸ್ಸು ಆ ಕಾರಿನ ಕಡೆಗೇ ಇತ್ತು. ಟೈರ್, ಬ್ಯಾಟರಿ, ಆಯಿಲ್ ಎಲ್ಲ ದುಡ್ಡು ಕೊಟ್ಟರೆ ಬರುವಂಥವು. ನನಗೆ ಹೆದರಿಕೆ ಇದ್ದದ್ದು ತುಕ್ಕಿನದು. ಕಾರವಾರದ ಒಬ್ಬ ಮೇಸ್ತ್ರಿಯ ಗ್ಯಾರೇಜಿಗೆ ಗಾಡಿ ತಂದು ಮೇಲೆ ಎತ್ತಿಸಿದೆವು. ಓನರೂ ಜೊತೆಗೆ ಬಂದರು.

ಕೆಳಗಿನಿಂದ ನೋಡಿದರೆ ಅದು ಬೇರೆಯೇ ಕಾರು. ಸೈಲೆನ್ಸರಿನ ಹಿಂದಿನ ಡಬ್ಬದಲ್ಲಿ ಬೆರಳು ಹೋಗುವ ತೂತು. ಬ್ರೇಕ್ ಪೈಪಿನ ಮೇಲೆ ಹಪ್ಪಳದಂತೆ ಎದ್ದ ತುಕ್ಕು. ಎಡಗಡೆ ಬಾಗಿಲ ಕೆಳಗಿನ ಉದ್ದ ಪಟ್ಟಿ ಇದೆಯಲ್ಲ, ಅದಕ್ಕೆ ಕಪ್ಪು ಅಂಡರ್‌ಕೋಟ್ ಬಳಿದಿದ್ದರು. ಮೇಸ್ತ್ರಿ ಸ್ಕ್ರೂಡ್ರೈವರಿನ ಹಿಡಿಯಿಂದ ಉದ್ದಕ್ಕೂ ಕುಟ್ಟುತ್ತಾ ಬಂದ. ಟಣ್, ಟಣ್, ಟಣ್, ಆಮೇಲೆ ದಬ್ ಅಂತ ಸತ್ತ ಸದ್ದು. ಅಲ್ಲಿ ತುದಿ ಇಟ್ಟು ಮೆಲ್ಲಗೆ ಒತ್ತಿದ. ಲೋಹ ಬಿಸ್ಕತ್ತಿನ ಹಾಗೆ ಒಳಗೆ ಕುಸಿಯಿತು. ಕಂದು ಪುಡಿ ನೆಲಕ್ಕೆ ಉದುರಿತು. ಭಾವ ಬೆರಳು ಹಾಕಿ ನೋಡಿದ, ಮಾತಾಡಲಿಲ್ಲ. ಓನರು ಬಾಗಿ ನೋಡಿ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. ಪ್ರತಿ ವಾರ ತಾವೇ ತೊಳೆದು ಒರೆಸುತ್ತಿದ್ದ ಗಾಡಿ. ಅವರಿಗೆ ಇದು ನಿಜವಾಗಿಯೂ ಗೊತ್ತಿರಲಿಲ್ಲ.

ಇದು ಯಾಕೆ ಹೀಗಾಯಿತು ಅಂತ ತಿಳಿದುಕೊಂಡರೆ ಕರಾವಳಿಯವರಿಗೆಲ್ಲ ಉಪಯೋಗ. ಸಮುದ್ರದ ಗಾಳಿಯಲ್ಲಿ ಬರುವ ಉಪ್ಪು ಸಂದಿಗೊಂದಿಯಲ್ಲಿ ಕೂರುತ್ತದೆ. ಉಪ್ಪಿಗೆ ಗಾಳಿಯ ತೇವ ಎಳೆದುಕೊಳ್ಳುವ ಗುಣ. ಮಳೆಗಾಲದಲ್ಲಿ ಉಪ್ಪಿನ ಭರಣಿ ಒದ್ದೆಯಾಗುವುದನ್ನು ಎಲ್ಲರೂ ನೋಡಿದ್ದೇವೆ. ಹಾಗೇ ಮಳೆ ಇಲ್ಲದ ದಿನವೂ ಆ ಸಂದಿಯ ಲೋಹ ಒದ್ದೆಯೇ. ಓಡುವ ಗಾಡಿಗೆ ಗಾಳಿ ತಾಗುತ್ತದೆ, ಮಳೆನೀರು ಅಡಿಗೆ ರಾಚಿ ಉಪ್ಪನ್ನು ಸ್ವಲ್ಪ ತೊಳೆಯುತ್ತದೆ. ನಿಂತ ಗಾಡಿಗೆ ಅದೂ ಇಲ್ಲ. ಬಟ್ಟೆಯ ಕವರ್ ಬಿಸಿಲು ತಡೆಯಿತು, ಬಣ್ಣ ಉಳಿಯಿತು. ಆದರೆ ತೇವ ಹೊರಗೆ ಹೋಗಲೂ ಬಿಡಲಿಲ್ಲ. ಬಾಗಿಲ ಕೆಳಗೆ ನೀರು ಇಳಿದು ಹೋಗಲು ಸಣ್ಣ ತೂತುಗಳಿರುತ್ತವೆ. ಅವು ಎಲೆ, ಮಣ್ಣು ಸೇರಿ ಮುಚ್ಚಿದ್ದವು. ಸಮುದ್ರದಿಂದ ಕೆಲವು ಕಿಲೋಮೀಟರ್ ಒಳಗೆ ಹೋದರೆ ಈ ಕಾಟ ಬಹಳ ಕಡಿಮೆ. ಇದೇ ಗಾಡಿ ಇಷ್ಟೇ ವರ್ಷ ಶಿರಸಿಯಲ್ಲಿ ನಿಂತಿದ್ದರೆ ಅಡಿ ಹೀಗಿರುತ್ತಿರಲಿಲ್ಲ.

ವಾಪಸ್ ಬರುವಾಗ ಅಂಕೋಲಾದವರೆಗೆ ಭಾವ ಸುಮ್ಮನಿದ್ದ. ರಾತ್ರಿ ಅಕ್ಕನಿಗೆ ಫೋನಿನಲ್ಲಿ ಎಲ್ಲ ಹೇಳಿದಾಗ ಅವಳು ಒಂದೇ ಮಾತು ಅಂದಳು: "ಕಟ್ಟಿಯೇ ಇಟ್ಟ ಎಮ್ಮೆಗೆ ಗೊರಸು ಬೆಳೆಯೋದು ನಿಮ್ಮ ಭಾವನಿಗೆ ಗೊತ್ತಿಲ್ವಾ?"

ಮೂರು ಕೈಗಳ ಕಥೆ

ಯಲ್ಲಾಪುರದ ಗಾಡಿ ನೋಡುವ ಮೊದಲು ನಾನು ಕಾಗದ ತರಿಸಿಕೊಂಡೆ. ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಎಷ್ಟನೇ ಓನರ್ ಅಂತ ಬರೆದಿರುತ್ತದೆ, ಸರ್ಕಾರದ ಪರಿವಾಹನ್ ಜಾಲದಲ್ಲೂ ಕಾಣುತ್ತದೆ. ಆದರೆ ಅದು ಬರೀ ಸಂಖ್ಯೆ. ಕಥೆ ಇರುವುದು ಸರ್ವಿಸ್ ಬಿಲ್ಲುಗಳಲ್ಲಿ. ಪ್ರತಿ ಬಿಲ್ಲಿನ ಮೇಲೆ ತಾರೀಖು ಮತ್ತು ಆ ದಿನದ ಕಿಲೋಮೀಟರ್ ಇರುತ್ತದೆ. ಅವನ್ನು ಸಾಲಾಗಿ ಬರೆದರೆ ಗಾಡಿಯ ಜಾತಕವೇ ಸಿಗುತ್ತದೆ. ಡಿಜಿಟಲ್ ಮೀಟರನ್ನೂ ಹಿಂದಕ್ಕೆ ತಿರುಗಿಸುವವರಿದ್ದಾರೆ. ಆದರೆ ಆರೂವರೆ ವರ್ಷದ ಬಿಲ್ಲುಗಳನ್ನು ಒಂದಕ್ಕೊಂದು ಹೊಂದುವಂತೆ ತಿದ್ದುವುದು ಸುಲಭ ಅಲ್ಲ.

ಮೊದಲ ಓನರು ಹುಬ್ಬಳ್ಳಿಯ ಮೆಡಿಕಲ್ ರೆಪ್. 2017ರ ಮಾರ್ಚ್‌ನಿಂದ 2019ರ ಅಕ್ಟೋಬರ್‌ವರೆಗೆ 52,000 ಕಿಮೀ. ಗದಗ, ಕೊಪ್ಪಳ ಅಂತ ಬಯಲುಸೀಮೆಯ ನೇರ ರಸ್ತೆಯ ಓಟ. ಆರು ತಿಂಗಳಿಗೊಂದು ಸರ್ವಿಸ್, ತಪ್ಪಿಲ್ಲ. ಇಂಥ ಕಿಲೋಮೀಟರ್ ಎಂಜಿನ್ನಿಗೆ ಹಗುರ. ಒಮ್ಮೆ ಸ್ಟಾರ್ಟ್ ಮಾಡಿದರೆ ನೂರು ಕಿಲೋಮೀಟರ್, ಬಹುಪಾಲು ಟಾಪ್ ಗೇರಿನಲ್ಲಿ. ಕ್ಲಚ್ ತುಳಿಯುವುದೇ ಅಪರೂಪ.

ಎರಡನೆಯವರು ಕೈಗಾ ಅಣುವಿದ್ಯುತ್ ಸ್ಥಾವರದ ನೌಕರರು, ಮಲ್ಲಾಪುರದ ಟೌನ್‌ಶಿಪ್‌ನಲ್ಲಿದ್ದವರು. 2022ರ ಜೂನ್‌ವರೆಗೆ ಇಟ್ಟುಕೊಂಡು 73,000ಕ್ಕೆ ಮಾರಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಇದೊಂದು ವಿಶೇಷ. ಕೈಗಾ ಇದೆ, ಅರ್ಗಾದಲ್ಲಿ ನೌಕಾನೆಲೆ ಇದೆ. ಅಲ್ಲಿಯವರಿಗೆ ವರ್ಗ ಆಗುತ್ತಲೇ ಇರುತ್ತದೆ, ದೂರದ ರಾಜ್ಯಕ್ಕೆ ಗಾಡಿ ಸಾಗಿಸುವುದಕ್ಕಿಂತ ಇಲ್ಲೇ ಮಾರುವುದು ಹಗುರ. ಹೀಗೆ ಮಾರಿದ ಗಾಡಿಯ ಓನರ್ ಸಂಖ್ಯೆ ಏರುತ್ತದೆ, ಆದರೆ ಕಾರಣ ಗಾಡಿ ಅಲ್ಲ. ಕಾರವಾರದ ಕಡೆ ಗಾಡಿ ಹುಡುಕುವವರು ಇದನ್ನು ತಿಳಿದಿರಬೇಕು.

ಬಿಲ್ಲಿನ ಮೇಲೆ ಅವರ ಫೋನ್ ನಂಬರು ಇತ್ತು. ಮಾರುವವರ ಒಪ್ಪಿಗೆ ಕೇಳಿ ಫೋನ್ ಮಾಡಿದೆ. ಸಂತೋಷದಿಂದ ಮಾತಾಡಿದರು. 2020ರ ಮಾರ್ಚ್‌ನಿಂದ ಒಂದು ವರ್ಷ ಬಿಲ್ಲು ಇಲ್ಲವಲ್ಲ ಅಂದೆ. ಲಾಕ್‌ಡೌನ್, ಗಾಡಿ ಟೌನ್‌ಶಿಪ್ ಬಿಟ್ಟು ಹೊರಗೆ ಬಂದದ್ದೇ ಕಡಿಮೆ ಅಂದರು. ಹಿಂದಿನ ಮುಂದಿನ ಬಿಲ್ಲಿನ ನಡುವೆ ಕೂಡಿದ್ದು 2,900 ಕಿಮೀ ಮಾತ್ರ, ಮಾತು ತಾಳೆ ಆಯಿತು. ಆಮೇಲೆ ನಾನು ಕೇಳದೆಯೇ ಇನ್ನೊಂದು ಹೇಳಿದರು: "2021ರಲ್ಲಿ ಕದ್ರಾ ಹತ್ತಿರ ರಾತ್ರಿ ಕಾಡುಹಂದಿ ಅಡ್ಡ ಬಂತು. ಬಂಪರ್, ರೇಡಿಯೇಟರ್ ಹೋಯಿತು. ಕ್ಲೇಮ್ ಮಾಡಿದ್ದೆ." ಈಗಿನ ಓನರಿಗೆ ಇದು ಗೊತ್ತೇ ಇರಲಿಲ್ಲ. ನಡುವಿನವರನ್ನು ಮಾತಾಡಿಸುವುದರಿಂದ ಸಿಗುವ ಲಾಭ ಇದು. ಅವರಿಗೆ ಈ ವ್ಯಾಪಾರದಲ್ಲಿ ಪಾಲಿಲ್ಲ, ಹಾಗಾಗಿ ಮುಚ್ಚಿಡುವ ಅಗತ್ಯವೂ ಇಲ್ಲ.

ಮೂರನೆಯವರು ಯಲ್ಲಾಪುರದ ಬ್ಯಾಂಕ್ ಉದ್ಯೋಗಿ. ಅವರು ಇಟ್ಟುಕೊಂಡದ್ದು ಬರೀ ಒಂದು ವರ್ಷ ಐದು ತಿಂಗಳು. ನನಗೆ ಸಂಶಯ ಇದ್ದದ್ದು ಇಲ್ಲೇ. ಅವರ ಮನೆಯ ಅಂಗಳಕ್ಕೆ ಕಾಲಿಟ್ಟಾಗ ಉತ್ತರ ಎದುರಿಗೇ ನಿಂತಿತ್ತು: ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆಯದ ಏಳು ಸೀಟಿನ ಹೊಸ ಗಾಡಿ. ಅಪ್ಪ ಅಮ್ಮ ಊರಿನಿಂದ ಬಂದು ಜೊತೆಗಿದ್ದಾರೆ, ಸಣ್ಣ ಕಾರಿನಲ್ಲಿ ಹಿಡಿಸುವುದಿಲ್ಲ ಅಂದರು. ಹಿಡಿಸುವುದಿಲ್ಲ ಅಂತ ನೋಡಿದರೇ ಗೊತ್ತಾಗುತ್ತಿತ್ತು.

ಗಾಡಿ ಚೆಂದ ಏನಿರಲಿಲ್ಲ. ಎಡ ಬಾಗಿಲಿಗೆ ಗೀರು, ಹಿಂದಿನ ಬಂಪರಿನ ಮೂಲೆ ಒಡೆದದ್ದು, ಸ್ಟೇರಿಂಗ್ ನುಣ್ಣಗೆ. ಭಾವ ಮೂಗು ಮುರಿದ. ನಾನು ನೆರೆಯ ಗುರುತು ಹುಡುಕಿದೆ. 2019ರ ಆಗಸ್ಟ್‌ನಲ್ಲಿ ಕಾಳಿ, ಗಂಗಾವಳಿ ಉಕ್ಕಿದ್ದು ನಮಗೆಲ್ಲ ನೆನಪಿದೆ, ಆಗ ಧಾರವಾಡ ಜಿಲ್ಲೆಯಲ್ಲೂ ನೀರು ನುಗ್ಗಿತ್ತು. ಈ ಗಾಡಿ ಕೈ ಬದಲಾಯಿಸಿದ್ದು ಅದೇ ಅಕ್ಟೋಬರ್‌ನಲ್ಲಿ. ನೀರು ಹೊಕ್ಕ ಗಾಡಿ ತೊಳೆದರೂ ಮೂರು ಕಡೆ ಸಿಕ್ಕಿಬೀಳುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಒಳಗಿನ ತುದಿಯಲ್ಲಿ ಕೆಸರಿನ ಗೆರೆ. ಸೀಟಿನ ಕೆಳಗಿನ ಸ್ಪ್ರಿಂಗು, ನಟ್ಟುಗಳಿಗೆ ತುಕ್ಕು. ಕಾರ್ಪೆಟ್ಟಿನ ಕೆಳಗೆ ಹಾಸಿದ ಸ್ಪಂಜಿನಲ್ಲಿ ಮಣ್ಣಿನ ವಾಸನೆ. ಮೂರೂ ಕಡೆ ಚೊಕ್ಕವಾಗಿತ್ತು. ಮುಂದೆ ರೇಡಿಯೇಟರ್ ಹಿಡಿದಿರುವ ಅಡ್ಡಪಟ್ಟಿಯ ಬೋಲ್ಟುಗಳ ಬಣ್ಣ ಸ್ಪ್ಯಾನರ್ ತಾಗಿ ಎದ್ದಿತ್ತು, ಹಂದಿಯ ಕಥೆ ಅಲ್ಲಿ ಕಂಡಿತು. ಅದರ ಹಿಂದೆ ಉದ್ದಕ್ಕೆ ಹೋಗುವ ಚಾಸಿಯ ತೊಲೆಗಳಲ್ಲಿ ಸುಕ್ಕಿಲ್ಲ, ವೆಲ್ಡಿಂಗ್ ಇಲ್ಲ. ಪೆಟ್ಟು ಹೊರಗೇ ನಿಂತಿದೆ.

ಅಡಿ ಎತ್ತಿ ನೋಡಿದೆವು. ಮಣ್ಣು ಮೆತ್ತಿತ್ತು, ಕೆರೆದರೆ ಬಣ್ಣ ಇತ್ತು. ಮಲ್ಲಾಪುರ ಸಮುದ್ರದಿಂದ ಒಳಗೆ ಇರುವ ಜಾಗ, ಅದು ಈ ಗಾಡಿಯ ಪುಣ್ಯ. ಸ್ಕ್ರೂಡ್ರೈವರಿನ ಹಿಡಿಯನ್ನು ಈ ಸಲ ಭಾವನೇ ಕೈಗೆ ತಗೊಂಡು ಎರಡೂ ಕಡೆ ಉದ್ದಕ್ಕೂ ಕುಟ್ಟಿದ. ಎಲ್ಲೂ ಸದ್ದು ಸಾಯಲಿಲ್ಲ.

ಅರಬೈಲು ಘಟ್ಟ

ಊರೊಳಗೆ ಒಂದು ಸುತ್ತು ಹೊಡೆದರೆ ಗಾಡಿ ಏನನ್ನೂ ಹೇಳುವುದಿಲ್ಲ. ಅಂಕೋಲಾ ರಸ್ತೆಯಲ್ಲಿ ಅರಬೈಲು ಘಟ್ಟ ಇಳಿದು ವಾಪಸ್ ಹತ್ತೋಣ ಅಂದೆ. ಇಳಿಯುವಾಗ ಬ್ರೇಕ್ ನಂಬಿಕೆಯಾಗಿ ಹಿಡಿಯಿತು, ಸ್ಟೇರಿಂಗ್ ನಡುಗಲಿಲ್ಲ. ಗುಂಡಿಯಲ್ಲಿ ಮುಂದಿನ ಎಡಗಡೆ ಟಕ್ ಟಕ್ ಅನ್ನುತ್ತಿತ್ತು, ಚಕ್ರದ ಸಸ್ಪೆನ್ಷನ್ನಿನ ಸಣ್ಣ ಸರಳಾದ ಲಿಂಕ್ ರಾಡಿನ ಸದ್ದು. ಹತ್ತುವಾಗ ಮೂರನೇ ಗೇರಿನಲ್ಲಿ ಪೂರ್ತಿ ಎಕ್ಸಿಲೇಟರ್ ಕೊಟ್ಟೆ. ಎಂಜಿನ್ ಕೂಗಿತು, ಗಾಡಿ ಅಷ್ಟು ವೇಗ ಹಿಡಿಯಲಿಲ್ಲ. ಎರಡನೇ ತಿರುವಿನಲ್ಲಿ ಸುಟ್ಟ ವಾಸನೆ ಸಣ್ಣಗೆ ಬಂತು. ಕ್ಲಚ್ ಪ್ಲೇಟ್ ಮುಗಿದಿದೆ.

"ನೋಡು, ಒದೀತು" ಅಂದ ಭಾವ.

ಅವನಿಗೆ ಅಲ್ಲೇ ಘಟ್ಟದ ಮೇಲೆ ಗಾಡಿ ಬದಿಗೆ ನಿಲ್ಲಿಸಿ ಹೇಳಿದ್ದನ್ನು ಇಲ್ಲೂ ಹೇಳುತ್ತೇನೆ, ಈ ಪ್ರಕರಣದಲ್ಲಿ ನನ್ನ ಮನಸ್ಸು ನಿಂತದ್ದು ಇದರ ಮೇಲೆ. ಗಾಡಿಯಲ್ಲಿ ಓಡಿ ಸವೆಯುವ ಭಾಗಗಳಿವೆ: ಕ್ಲಚ್, ಬ್ರೇಕ್ ಪ್ಯಾಡ್, ಬೇರಿಂಗ್, ಶಾಕ್ ಅಬ್ಸಾರ್ಬರ್, ಲಿಂಕ್ ರಾಡ್. ಕೂತಲ್ಲೇ ಹಾಳಾಗುವ ಭಾಗಗಳಿವೆ: ಟೈರ್, ಬ್ಯಾಟರಿ, ರಬ್ಬರ್ ಪೈಪು, ಬ್ರೇಕ್ ಆಯಿಲ್, ಮತ್ತು ಬಾಡಿಯ ತಗಡು. ಕಿಲೋಮೀಟರ್ ಮೊದಲನೆಯದರ ಲೆಕ್ಕ ಹೇಳುತ್ತದೆ, ವರ್ಷ ಮತ್ತು ಊರು ಎರಡನೆಯದರ ಲೆಕ್ಕ ಹೇಳುತ್ತವೆ. ಓಡಿ ಸವೆದದ್ದೆಲ್ಲ ಪೆಟ್ಟಿಗೆಯಲ್ಲಿ ಹೊಸದಾಗಿ ಸಿಗುತ್ತದೆ, ಒಂದು ದಿನದಲ್ಲಿ ಹಾಕಿ ಕೊಡುತ್ತಾರೆ. ತುಕ್ಕು ತಿಂದ ಬಾಡಿ ಹಾಗಲ್ಲ. ತೇಪೆ ಹಾಕಬಹುದು, ಪುಟ್ಟಿ ಮೆತ್ತಿ ಬಣ್ಣ ಹೊಡೆಯಬಹುದು. ಪಕ್ಕದಿಂದ ಗುದ್ದಿದರೆ ಒಳಗಿರುವವರನ್ನು ಕಾಯಬೇಕಾದ ಪಟ್ಟಿ ಅದು, ಅದರ ಮೊದಲಿನ ಬಲ ಪೂರ್ತಿ ಬಂತು ಅಂತ ನಾನು ಸಹಿ ಹಾಕಲಾರೆ.

ಓನರುಗಳ ಸಂಖ್ಯೆ ಈ ಯಾವ ಭಾಗವನ್ನೂ ಸವೆಸುವುದಿಲ್ಲ. ಅದು ಮುಟ್ಟುವುದು ಬೆಲೆಯನ್ನು, ಕಾಗದವನ್ನು, ಮುಂದೆ ನಾವು ಮಾರುವಾಗಿನ ಮಾತನ್ನು. ನಾಲ್ಕನೇ ಓನರ್ ಅಂದರೆ ದಲ್ಲಾಳಿಗಳು ಬೆಲೆ ಮುರಿಯುತ್ತಾರೆ, ಇದು ಖಂಡಿತ. ಎರಡು ವರ್ಷ ಓಡಿಸಿ ಮಾರುವವನಾಗಿದ್ದರೆ ಭಾವನಿಗೆ ಬೇಡ ಅನ್ನುತ್ತಿದ್ದೆ. ಆದರೆ ಅವನು ಹದಿನೇಳು ವರ್ಷ ಒಂದೇ ವ್ಯಾನ್ ಓಡಿಸಿದ ಮನುಷ್ಯ.

ಇನ್ನೊಂದು ಲೆಕ್ಕವೂ ಇತ್ತು. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ. ಕಾರವಾರದ ಗಾಡಿಯದು 2029ರ ಅಕ್ಟೋಬರ್‌ಗೆ ಮುಗಿಯುತ್ತದೆ, ಯಲ್ಲಾಪುರದ್ದು 2032ರ ಮಾರ್ಚ್‌ಗೆ. ಆಮೇಲೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ತುಕ್ಕು ಹಿಡಿದ ಗಾಡಿಗೆ ಆ ದಿನ ಎರಡೂವರೆ ವರ್ಷ ಬೇಗ ಬರುತ್ತಿತ್ತು.

ಎಂಜಿನ್ನಿನ ವಿಷಯದಲ್ಲಿ ನನಗೆ ಧೈರ್ಯ ಇತ್ತು. ಇದು ಎಂಜಿನ್ನಿನ ವಾಲ್ವುಗಳನ್ನು ತಾಳಕ್ಕೆ ತಿರುಗಿಸಲು ಬೆಲ್ಟಿನ ಬದಲು ಟೈಮಿಂಗ್ ಚೈನ್ ಇರುವ ಎಂಜಿನ್. ಬೆಲ್ಟ್ ಇರುವ ಮಾದರಿ ಆದರೆ ಕಂಪನಿ ಹೇಳಿದ ಹೊತ್ತಿಗೆ ಬೆಲ್ಟ್ ಬದಲಿಸಿದ ಬಿಲ್ಲು ಕೇಳಲೇಬೇಕು, ತುಂಡಾದರೆ ಎಂಜಿನ್ನೇ ಹೋಗಬಹುದು. ಬೆಳಿಗ್ಗೆ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ನೋಡಿದ್ದೆ. ನೀಲಿ ಹೊಗೆ ಇಲ್ಲ, ಚೈನಿನ ಗಲಗಲ ಇಲ್ಲ. ಆಯಿಲ್ ಮುಚ್ಚಳದ ಒಳಗೆ ಜೇನಿನ ಬಣ್ಣ.

ಲೆಕ್ಕ

ಕಾರವಾರದ ಗಾಡಿಗೆ: ಎರಡೂ ಕಡೆ ಪಟ್ಟಿ ಕತ್ತರಿಸಿ ಟಿಂಕರಿಂಗ್ ಮತ್ತು ಬಣ್ಣ ಮೇಸ್ತ್ರಿ ಹೇಳಿದ್ದು ನಲವತ್ತು ಸಾವಿರ, ನಾಲ್ಕು ಟೈರಿಗೆ ಹದಿನೈದು ಸಾವಿರ, ಸೈಲೆನ್ಸರ್, ಬ್ರೇಕ್ ಪೈಪು, ಬ್ಯಾಟರಿ ಸೇರಿ ಮತ್ತೆ ಹದಿನೈದು. ಅಂದರೆ ಎಪ್ಪತ್ತು ಸಾವಿರ. ಯಲ್ಲಾಪುರದ್ದಕ್ಕೆ: ಕ್ಲಚ್ ಸೆಟ್ ಮಜೂರಿ ಸೇರಿ ಎಂಟೂವರೆ, ಲಿಂಕ್ ರಾಡ್ ಮತ್ತು ಬುಷ್ ಮೂರು, ಎರಡು ಟೈರಿಗೆ ಏಳೂವರೆ. ಒಟ್ಟು ಹತ್ತೊಂಬತ್ತು ಸಾವಿರ.

ಓನರಿಗೆ ಕ್ಲಚ್ಚಿನ ವಾಸನೆ ತೋರಿಸಿದ್ದರಿಂದ ಚೌಕಾಸಿ ಉದ್ದ ಆಗಲಿಲ್ಲ. 2.72 ಲಕ್ಷಕ್ಕೆ ಮುಗಿಯಿತು.

ಕಾಗದದ ಕೆಲಸ ಸ್ವಲ್ಪ ಎಳೆಯಿತು. ಗಾಡಿಯ ಮೇಲೆ ಮೂರನೇ ಓನರಿನ ಸಾಲ ಇತ್ತು. ಸಾಲ ತೀರಿಸಿ, ಬ್ಯಾಂಕಿನ ಪತ್ರ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಸಿಗುವವರೆಗೆ ಮೂರು ವಾರ. ಅಲ್ಲಿಯವರೆಗೆ ಮುಂಗಡ ಬಿಟ್ಟು ಪೂರ್ತಿ ಹಣ ಕೊಡಬೇಡ ಅಂತ ಭಾವನಿಗೆ ಹೇಳಿದ್ದೆ. ಆಮೇಲೆ ಗಾಡಿ ವರ್ಗಾವಣೆಯ ಫಾರಂ 29, 30 ಸಹಿ ಮಾಡಿಸಿ ಶಿರಸಿಯಲ್ಲಿ ಹೆಸರು ಬದಲಾವಣೆ. ನನ್ನ ಕೆಲಸದಲ್ಲಿ ಮತ್ತೆ ಮತ್ತೆ ನೋಡುವ ತಪ್ಪೊಂದಿದೆ, ಅದನ್ನು ಹೇಳಲೇಬೇಕು. ಆರ್‌ಸಿ ಬದಲಾಗುತ್ತದೆ, ವಿಮೆ ಹಳೆ ಹೆಸರಲ್ಲೇ ಉಳಿಯುತ್ತದೆ. ಗಾಡಿ ಕೈ ಬದಲಾದ ಹದಿನಾಲ್ಕು ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು. ಕೊಡದಿದ್ದರೆ ನಮ್ಮ ಗಾಡಿಗೆ ಆದ ಹಾನಿಯ ಕ್ಲೇಮು ನಿಂತುಹೋಗುತ್ತದೆ. ಕ್ಲೇಮ್ ಮಾಡದವರಿಗೆ ಸಿಗುವ ನೋ ಕ್ಲೇಮ್ ಬೋನಸ್ಸೂ ಗಾಡಿಯ ಜೊತೆ ಬರುವುದಿಲ್ಲ, ಅದು ಹಳೆ ಓನರಿನ ಸ್ವತ್ತು. ಹಾಗಾಗಿ ಪ್ರೀಮಿಯಂ ಸ್ವಲ್ಪ ಜಾಸ್ತಿ ಕಟ್ಟಬೇಕಾಯಿತು.

ಕಾರವಾರದ ಗಾಡಿ ಬೇಡ ಅಂದದ್ದು ಕಡಿಮೆ ಓಡಿದ್ದಕ್ಕಲ್ಲ, ಒಂದೇ ಕೈ ಅನ್ನುವುದಕ್ಕೂ ಅಲ್ಲ. ಅದೇ ಗಾಡಿ ಸಿದ್ದಾಪುರದಲ್ಲೋ ಶಿರಸಿಯಲ್ಲೋ ಇದ್ದು, ವರ್ಷಕ್ಕೊಂದು ಆಯಿಲ್ ಕಂಡಿದ್ದರೆ, ಐವತ್ತು ಸಾವಿರ ಜಾಸ್ತಿ ಕೊಟ್ಟಾದರೂ ತಗೊ ಅನ್ನುತ್ತಿದ್ದೆ.

ಆಮೇಲೆ

ಎರಡು ವರ್ಷ ಆಯಿತು. 2025ರ ನವೆಂಬರಿನಲ್ಲಿ ಮೀಟರ್ 1,07,000 ದಾಟಿತು. ಖರ್ಚನ್ನೆಲ್ಲ ಭಾವ ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದಾನೆ. ಮೊದಲ ತಿಂಗಳ ಹತ್ತೊಂಬತ್ತು ಸಾವಿರ ಬಿಟ್ಟರೆ ದೊಡ್ಡದು ಎರಡು: ಏಸಿಯ ಕಂಪ್ರೆಸರ್ ಹದಿನೆಂಟು ಸಾವಿರ, ಮುಂದಿನ ಶಾಕ್ ಅಬ್ಸಾರ್ಬರ್ ಆರು ಸಾವಿರ. ಕಂಪ್ರೆಸರ್ ನನ್ನ ತಪ್ಪು. ನೋಡಲು ಹೋದದ್ದು ನವೆಂಬರಿನ ತಂಪು ಬೆಳಿಗ್ಗೆ, ಏಸಿ ಹಾಕಿ ಐದು ನಿಮಿಷ ನೋಡಿ ಸುಮ್ಮನಾದೆ. ಅರ್ಧ ಗಂಟೆ ಹಾಕಿಡಬೇಕಿತ್ತು. ಮಾರ್ಚ್ ಸೆಕೆಯಲ್ಲಿ ಮಣಿಪಾಲದ ದಾರಿಯಲ್ಲಿ ಅದು ನಿಂತಾಗ ಹಿಂದೆ ಕೂತಿದ್ದ ಮಾವನವರು ಬೈಂದೂರಿನವರೆಗೆ ಕಿಟಕಿ ಇಳಿಸಿಕೊಂಡು ಬಂದರು. ಆ ದಿನ ನನಗೆ ತುಂಬಾ ಬೇಸರವಾಯಿತು. ಗಾಡಿ ಮಾತ್ರ ದಾರಿಯಲ್ಲಿ ಒಮ್ಮೆಯೂ ನಿಂತಿಲ್ಲ.

ಕೋಡಿಬಾಗದವರು ಆ ಕಾರನ್ನು ಮಾರಲಿಲ್ಲ. ಅಡಿ ಹೀಗಿದೆ ಅಂತ ಗೊತ್ತಾದ ಮೇಲೆ ಇನ್ನೊಬ್ಬರಿಗೆ ಕೊಡಲು ಮನಸ್ಸು ಬರಲಿಲ್ಲವಂತೆ. ಅದೇ ಮೇಸ್ತ್ರಿಯ ಹತ್ತಿರ ಎರಡೂ ಪಟ್ಟಿ ಕತ್ತರಿಸಿ ಹೊಸ ತಗಡು ಕೂರಿಸಿದ್ದಾರೆ, ಟೈರ್ ಬದಲಿಸಿದ್ದಾರೆ. ಬಟ್ಟೆಯ ಕವರ್ ತೆಗೆದುಹಾಕಿದ್ದಾರೆ. ಈಗ ಪ್ರತಿ ಭಾನುವಾರ ಅಂಕೋಲಾವರೆಗೆ ಓಡಿಸಿಕೊಂಡು ಬರುತ್ತಾರೆ, ಎಂಜಿನ್ ಕಾಯಲಿ ಅಂತ. ಹೋದ ತಿಂಗಳು ಫೋನ್ ಮಾಡಿದ್ದರು. ಮಳೆ ಮುಗಿದ ಮೇಲೆ ಅಡಿಯನ್ನು ಸಿಹಿನೀರಿನಲ್ಲಿ ತೊಳೆಸಬೇಕಾ, ಅಥವಾ ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ತೊಳೆಸಬೇಕಾ ಅಂತ ಕೇಳಿದರು. ಬೇಸಿಗೆಯಲ್ಲೂ ತೊಳೆಸಿ, ಬಾಗಿಲ ಕೆಳಗಿನ ತೂತುಗಳನ್ನು ಒಂದು ಕಡ್ಡಿಯಿಂದ ಬಿಡಿಸಿಕೊಳ್ಳಿ, ತೊಳೆದ ಮೇಲೆ ಬಿಸಿಲಿನಲ್ಲಿ ಒಂದು ಸುತ್ತು ಓಡಿಸಿ ಒಣಗಿಸಿ ಅಂದೆ. "ಕಡ್ಡಿ ಈಗಲೇ ತರ್ತೇನೆ" ಅಂದರು.